ಸಂಪತ್ ಮೇಷ್ಟರ ಎದೆನೋವು

ಮಳವಳ್ಳಿ ಮಿಡ್ಲ್ ಸ್ಕೂಲಿನ ಸಂಪತ್ ಕುಮಾರ ಅಯ್ಯಂಗಾರ್ಯರಿಗೆ ಮೈಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಇದ್ದದ್ದು ಮನಸ್ಸಿನಲ್ಲಿ ಒಂದು ಕೊರಗು ಮಾತ್ರ. ತಮ್ಮನ್ನು ಯಾರೂ ಕೇಳುವುದಿಲ್ಲ ಎಂಬುದೇ ಆ ಕೊರಗು. ಊಟಕ್ಕೆ ಬಡಿಸುವಾಗ ಹೆಂಡತಿ ವೇದವತಿ "ಇನ್ನೂ ಬೇಕೇ?" ಎಂದು ಕೇಳುತ್ತಿದ್ದಳೇ ಹೊರತು "ಹೇಗಿದ್ದೀರಿ?" ಎಂದು ಕೇಳಿದವಳಲ್ಲ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಗೊರಕೆ ಹೊಡೆದ ಗಂಡನನ್ನು ಹೇಗಿದ್ದೀರಿ ಎಂದು ಕೇಳುವ ಹೆಂಡತಿ ಆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ ಎಂಬುದು ಮೇಷ್ಟರಿಗೆ ಹೊಳೆಯಲಿಲ್ಲ.

ಕೇಳುವುದಿರಲಿ, ವೇದವತಿ ಜಗಳಗಂಟಿ. ಕೊಡೆ ಮರೆತು ಬಂದರೆ ಜಗಳ, ಮರೆಯದೆ ತಂದು ಒದ್ದೆ ಕೊಡೆಯನ್ನು ನಡುಮನೆಯಲ್ಲಿ ಬಿಚ್ಚಿಟ್ಟರೂ ಜಗಳ. ಬಾವಿಯ ಹಗ್ಗ ಸವೆದದ್ದಕ್ಕೂ ಮೇಷ್ಟರೇ ಕಾರಣ, ಮೈಸೂರಿನಲ್ಲಿ ತೊಗರಿಬೇಳೆ ತುಟ್ಟಿಯಾದದ್ದಕ್ಕೂ ಮೇಷ್ಟರೇ ಕಾರಣ. ಮೇಷ್ಟರು ಆಗಾಗ ಜಗಲಿಯ ಮೇಲೆ ಕುಳಿತು, "ನಾನು ಕಣ್ಣು ಮುಚ್ಚಿದ ಮೇಲೆ ನನ್ನ ಬೆಲೆ ಗೊತ್ತಾಗುತ್ತೆ ಇವಳಿಗೆ" ಎಂದು ಕಂಬಕ್ಕೆ ಹೇಳುತ್ತಿದ್ದರು. ಕಂಬ ಅದನ್ನು ಯಾರಿಗೂ ಹೇಳಲಿಲ್ಲ.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಒಂದು ಬೇಸಿಗೆಯಲ್ಲಿ ವೇದವತಿಯ ಅಣ್ಣ ತಿರುನಾರಾಯಣ ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವನಿದ್ದ. ಮಳವಳ್ಳಿಗೆ ರೈಲಿಲ್ಲ. ಆದ್ದರಿಂದ ಮೇಷ್ಟರು ಬಸ್ಸು ಹಿಡಿದು ಮದ್ದೂರಿಗೆ ಹೋಗಬೇಕು, ರೈಲು ನಿಂತಷ್ಟು ಹೊತ್ತಿನಲ್ಲಿ ಕಿಟಕಿಯಿಂದ ಅಣ್ಣನ ಕೈಗೆ ತಿಂಡಿಯ ಡಬ್ಬಿ ಕೊಟ್ಟು ಬರಬೇಕು ಎಂದು ಅಪ್ಪಣೆಯಾಯಿತು. ಡಬ್ಬಿಯಲ್ಲಿ ಪುಳಿಯೋಗರೆ, ಅದರ ಮೇಲೆ ಬಾಳೆಎಲೆ, ಎಲೆಯ ಮೇಲೆ ಚಕ್ಕುಲಿ.

ಮೇಷ್ಟರು ಬೇಗನೆ ಮದ್ದೂರು ತಲುಪಿದರು. ಸ್ಟೇಷನ್ನಿನ ಹೊಂಗೆಮರದ ಕೆಳಗೆ ಕುಳಿತರು. ಪುಳಿಯೋಗರೆ ಬಿಸಿಲಿಗೆ ಹಳಸಿತೋ ಏನೋ ಎಂಬ ಜವಾಬ್ದಾರಿಯಿಂದ ಮುಚ್ಚಳ ತೆಗೆದು ಮೂಸಿದರು. ಮೂಸಿದ್ದು ಸಾಲದೆಂದು ಒಂದು ತುತ್ತು ಬಾಯಿಗೆ ಹಾಕಿ ಪರೀಕ್ಷಿಸಿದರು. ಆ ಪರೀಕ್ಷೆ ಡಬ್ಬಿಯ ತಳದವರೆಗೂ ನಡೆಯಿತು. ಹೊಂಗೆಯ ನೆರಳು, ತುಂಬಿದ ಹೊಟ್ಟೆ. ಮೇಷ್ಟರು ಕಣ್ಣು ಬಿಟ್ಟಾಗ ರೈಲು ಬಂದು ಹೋಗಿ, ಪ್ಲಾಟ್‌ಫಾರಂ ಮೇಲೆ ಒಂದು ನಾಯಿ ಮಾತ್ರ ಉಳಿದಿತ್ತು.

ಮಳವಳ್ಳಿಗೆ ಹಿಂತಿರುಗುವ ಬಸ್ಸಿನಲ್ಲಿ ಅವರು ಹತ್ತಾರು ಸುಳ್ಳುಗಳನ್ನು ಹೊಸೆದು ಬಿಸಾಡಿದರು. ಮನೆಯ ಹೊಸ್ತಿಲಲ್ಲಿ ವೇದವತಿ ಸೌಟು ಹಿಡಿದೇ ನಿಂತಿದ್ದಳು.

"ಅಣ್ಣ ಸಿಕ್ಕನೇ? ಏನಂದ?"

ಮೇಷ್ಟರ ಕೈ ತಾನಾಗಿ ಎದೆಯ ಮೇಲೆ ಹೋಯಿತು. "ಇಲ್ಲಿ ಒಂಥರಾ ಆಯಿತು ವೇದಾ. ಅಲ್ಲೇ ಬಿದ್ದುಬಿಟ್ಟೆ. ರೈಲು ಬಂದದ್ದೂ ಗೊತ್ತಿಲ್ಲ."

ಬೈಗುಳಕ್ಕೆ ಕಿವಿಯನ್ನು ಸಿದ್ಧಪಡಿಸಿಕೊಂಡು ಅವರು ಕಣ್ಣು ಮುಚ್ಚಿದರು. ಬೈಗುಳ ಬರಲಿಲ್ಲ. ಸೌಟು ಕೆಳಗಿಟ್ಟ ಸಪ್ಪಳವಾಯಿತು. ಹೆಂಡತಿಯ ಕೈ ಅವರ ತೋಳು ಹಿಡಿಯಿತು.

"ಈಗ ಹೇಗಿದ್ದೀರಿ?" ಎಂದಳು ವೇದವತಿ.

ಇಪ್ಪತ್ತು ವರ್ಷ ಕಾದ ಮಾತು. ಮೇಷ್ಟರ ಕಣ್ಣಲ್ಲಿ ನೀರು ಬಂತು, ಮತ್ತು ಅಲ್ಲಿಗೆ ಅವರು ಕೆಟ್ಟರು. "ಪುಣ್ಯಕ್ಕೆ ರೈಲಿನಲ್ಲಿ ಯಾರೋ ದೊಡ್ಡ ಡಾಕ್ಟರು ಇದ್ದರಂತೆ. ಇಳಿದು ಬಂದು ಕೊಳವೆ ಇಟ್ಟು ನೋಡಿದರು. ಹೃದಯ ದುರ್ಬಲ ಅಂದರು. ಮನಸ್ಸಿಗೆ ಯಾರೂ ಬೇಜಾರು ಮಾಡಬಾರದಂತೆ" ಎಂದರು. ಕೊನೆಯ ಮಾತನ್ನು ದೂರದೃಷ್ಟಿಯಿಂದ ಸೇರಿಸಿದ್ದು.

"ಡಬ್ಬಿ?"

"ಗಾಳಿ ಹಾಕಿದ ಬಡವರಿಗೆ ಕೊಟ್ಟುಬಿಟ್ಟೆ."

"ಒಳ್ಳೇದು ಮಾಡಿದಿರಿ" ಎಂದಳು ವೇದವತಿ. ಮದುವೆಯಾದಂದಿನಿಂದ ಆ ಮಾತನ್ನೂ ಅವರು ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಹಾಲು ತಂದ ಶಿವನಂಜಮ್ಮನಿಗೆ ವಿಷಯ ತಿಳಿಯಿತು. ಅವಳು ಪಕ್ಕದ ಒಕ್ಕಲಗೇರಿಯವಳು, ಗಂಡ ಸತ್ತ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಬದುಕಿದ್ದವಳು. ಚೆಂಬನ್ನು ಕೆಳಗಿಟ್ಟು ಜಗಲಿಯ ಮೇಲಿದ್ದ ಮೇಷ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎದೆ ಅಂದ್ರೆ ಆಟ ಅಲ್ಲ ಕಣ್ರಮ್ಮ" ಎಂದಳು ವೇದವತಿಗೆ. "ನಮ್ಮೆಜಮಾನ್ರು ಗೇಯ್ತಾ ಗೇಯ್ತಾ ಇಂಗೇ ಎದೆ ಇಡ್ಕಂಡು ಕುಂತೋರು. ನಾನು ಅಂಬ್ಲಿ ತಗಂಡು ಓದೆ. ಎದ್ದೇ ಇಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಅಂದಿನಿಂದ ಮೇಷ್ಟರ ಮನೆಯ ಹಾಲಿಗೆ ನೀರು ಬೀಳುವುದು ನಿಂತಿತು.

ಊರೇ ಬದಲಾಯಿತು. ಹೆಡ್ ಮೇಷ್ಟರು ತಮ್ಮ ಕೈಯುಳ್ಳ ಕುರ್ಚಿಯನ್ನು ಸಂಪತ್ ಮೇಷ್ಟರ ಕ್ಲಾಸಿಗೆ ಕಳಿಸಿ, ಕೊನೆಯ ಪೀರಿಯಡ್ಡು ತೆಗೆದುಕೊಳ್ಳುವುದು ಬೇಡ ಎಂದರು. ಪೋಸ್ಟ್ ಮಾಸ್ತರರು ಎದುರಿಗೆ ಸಿಕ್ಕರೆ ಕೊಡೆ ಮಡಿಸಿ ನಿಲ್ಲುತ್ತಿದ್ದರು. ಪಟೇಲ ಜವರಯ್ಯ ಬೀದಿಯಲ್ಲಿ ತಡೆದು, "ಏನೇಳಿ ಮೇಷ್ಟ್ರೇ, ಒಳ್ಳೇವ್ರಿಗೆ ಬಾಳ ಕಾಲ ಇಲ್ಲ ಇಲ್ಲಿ" ಎಂದು ಸಮಾಧಾನ ಹೇಳಿದ. ಸಾಲದೆಂಬಂತೆ ಪಕ್ಕದವನ ಕಡೆ ತಿರುಗಿ, "ನೋಡ್ಕೊಳ್ಲಾ ಮರಿಯಯ್ಯ, ನೋಡೋಕೆ ಗುಂಡುಕಲ್ಲು ಇದ್ದಂಗವ್ರೆ. ಒಳಗೆ ಟೊಳ್ಳು" ಎಂದ. ಇದೆಲ್ಲ ತಮ್ಮ ಮೇಲಿನ ಪ್ರೀತಿ ಎಂದು ಮೇಷ್ಟರು ನಂಬಿದರು. ಅದರಲ್ಲಿ ಅರ್ಧ ನಿಜವೂ ಆಗಿತ್ತು.

ಮನೆಯಲ್ಲಿ ಸ್ವರ್ಗ. ಬಿಸಿನೀರು ಮಂಚದ ಬಳಿಗೆ ಬಂತು. ಉಪ್ಪು ಹೆಚ್ಚಾಯಿತೆಂದು ಗೊಣಗಿದರೆ ಸಾರಿನ ಪಾತ್ರೆ ಮಾತಿಲ್ಲದೆ ಒಳಗೆ ಹೋಗಿ, ಹೊಸ ಸಾರು ಹೊರಗೆ ಬರುತ್ತಿತ್ತು. ಒದ್ದೆ ಕೊಡೆ ನಡುಮನೆಯಲ್ಲಿ ರಾಜನಂತೆ ಬಿಚ್ಚಿಕೊಂಡಿರುತ್ತಿತ್ತು.

ಸ್ವರ್ಗ ಬೇಸರವಾಗತೊಡಗಿದ್ದು ಯಾವಾಗ ಎಂದು ಮೇಷ್ಟರಿಗೆ ಸರಿಯಾಗಿ ತಿಳಿಯಲಿಲ್ಲ. ಒಂದು ಸಂಜೆ ಸುಮ್ಮನೆ ಬಾಯಿ ತೀಟೆಗೆ, "ನಿಮ್ಮಣ್ಣ ಜಿಪುಣಾಗ್ರೇಸರ" ಎಂದರು. ಹಿಂದೆ ಈ ಒಂದು ಮಾತಿಗೆ ಮನೆಯಲ್ಲಿ ಒಂದು ವಾರ ಹೊಗೆಯಾಡುತ್ತಿತ್ತು.

"ಇರಬಹುದು" ಎಂದಳು ವೇದವತಿ.

ಮೇಷ್ಟರು ಅವಳನ್ನು ಸರಿಯಾಗಿ ನೋಡಿದರು. ವೇದವತಿ ಈಗ ಶೆಟ್ಟರ ಅಂಗಡಿಗೆ ತಾನೇ ಹೋಗಿ ಬರುತ್ತಿದ್ದಳು. ಗೇಣಿದಾರ ಚಿಕ್ಕಬೋರಯ್ಯ ಬಂದರೆ ತಾನೇ ಬಾಗಿಲಲ್ಲಿ ನಿಂತು ಮಾತಾಡಿ ಕಳಿಸುತ್ತಿದ್ದಳು. ಯಾವುದಕ್ಕೂ ಇವರನ್ನು ಕೇಳುತ್ತಿರಲಿಲ್ಲ, ಯಾವುದಕ್ಕೂ ಇವರನ್ನು ದೂರುತ್ತಿರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಪಟಕ್ಕೆ ಮೂರು ಹೊತ್ತು ನೈವೇದ್ಯ ಇಟ್ಟ ಹಾಗಿತ್ತು ಅವಳ ಉಪಚಾರ. ನಿಜ ಹೇಳಿಬಿಡೋಣ ಎಂದು ಮೇಷ್ಟರು ಬಾಯಿ ತೆರೆದಾಗಲೆಲ್ಲ ಅವಳು ಅದಕ್ಕೆ ಕಷಾಯ ಹೊಯ್ಯುತ್ತಿದ್ದಳು.

ಇಷ್ಟರಲ್ಲೇ ಮುಗಿದಿದ್ದರೆ ಇದು ಗಂಡ ಹೆಂಡಿರ ಮಾತಾಗಿ ಉಳಿಯುತ್ತಿತ್ತು. ಆದರೆ ಬೆಂಗಳೂರಿನಿಂದ ತಿರುನಾರಾಯಣ ಬಂದ. ತಂಗಿಯ ಮನೆಗೆ ಆಪತ್ತು ಬಂದರೆ ಓಡಿ ಬರುವ ಅಣ್ಣ, ಬಂದ ಮೇಲೆ ಯಾರ ಮಾತನ್ನೂ ಕೇಳದ ಅಣ್ಣ.

"ಭಾವ, ನೀವು ಏನೂ ಯೋಚನೆ ಮಾಡಬೇಡಿ. ಆಂಡಾಳಿಗೆ ನಾನು ವರ ಗೊತ್ತು ಮಾಡಿದ್ದೇನೆ" ಎಂದ. "ನಿಮ್ಮ ಕಣ್ಣೆದುರಿಗೇ ತಾಳಿ ಬೀಳಬೇಕು. ಆಮೇಲೆ ಭಗವಂತನ ಇಚ್ಛೆ."

ಆಂಡಾಳ್ ಮೇಷ್ಟರ ಒಬ್ಬಳೇ ಮಗಳು. ಹದಿನೈದು ವರ್ಷ. ಆ ವರ್ಷ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ, ಪರೀಕ್ಷೆಗೆ ಕಟ್ಟಿದ್ದಳು. ಓದಿಸುತ್ತೇನೆ ಎಂದು ಮೇಷ್ಟರು ಊರಿನ ಮುಂದೆ ಹಟ ಹಿಡಿದಿದ್ದರು. ಅವರು ಜೀವನದಲ್ಲಿ ಹಿಡಿದ ಹಟ ಅದೊಂದೇ. ವರ ಬೆಳಕವಾಡಿಯ ಅಳಸಿಂಗಾಚಾರ್ಯರು. ನಲವತ್ತು ದಾಟಿದ್ದರು, ಎರಡನೆಯ ಸಂಬಂಧ. ಕೊಡುವ ಕೊಳ್ಳುವ ಮಾತಿಲ್ಲ.

"ಅಪ್ಪ, ನಿಮಗೆ ಸಮಾಧಾನ ಆಗುತ್ತೆ ಅಂದರೆ ನಾನು ಒಪ್ಪುತ್ತೇನೆ" ಎಂದಳು ಆಂಡಾಳ್. ಪುಸ್ತಕಗಳನ್ನು ಆಗಲೇ ಅಟ್ಟಕ್ಕೆ ಹಾಕಿದ್ದಳು.

ಮೇಷ್ಟರಿಗೆ ಅಂದು ಮೊದಲ ಬಾರಿ ನಿಜವಾಗಿ ಎದೆ ನೋಯಿತು.

ನಿಶ್ಚಿತಾರ್ಥದ ದಿನ ಅಳಸಿಂಗಾಚಾರ್ಯರು ಎತ್ತಿನ ಗಾಡಿಯಲ್ಲಿ ಬಂದಿಳಿದರು. ಮಾವನಾಗುವವರ ಪಕ್ಕ ಕುಳಿತು, ಅಜೀರ್ಣ, ಮಂಡಿನೋವು, ಕಣ್ಣಿನ ಪೊರೆಗಳ ವಿಷಯವಾಗಿ ಓರಗೆಯವರಂತೆ ಮಾತಾಡಿದರು. "ನನ್ನ ಮೊದಲನೆಯವಳಿಗೂ ಎದೆಯೇ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ನೀವು ಹೆದರಬೇಡಿ. ಹೋಗುವಾಗ ಏನೂ ಗೊತ್ತಾಗುವುದಿಲ್ಲ."

ತಾಂಬೂಲದ ತಟ್ಟೆ ಮುಂದೆ ಬಂತು. ಮೇಷ್ಟರು ಎದ್ದು ನಿಂತರು.

"ಈ ಮದುವೆ ಬೇಡ. ನನಗೆ ಕಾಯಿಲೆ ಇಲ್ಲ. ಎದೆ ಗಟ್ಟಿಯಾಗಿದೆ. ನಾನು ಹೇಳಿದ್ದು ಸುಳ್ಳು."

ಹೆಡ್ ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಎಂಥ ದೊಡ್ಡ ಮನಸ್ಸು. ಸಾವು ಎದುರಿಗಿದೆ, ಮಗಳ ಓದು ನಿಲ್ಲಬಾರದು ಅಂತ ಹೀಗೆ ಹೇಳುತ್ತಿದ್ದಾರೆ" ಎಂದರು. ಒಳಗಿದ್ದ ಹೆಂಗಸರೆಲ್ಲ ಮೂಗು ಸೀಟಿದರು.

"ಸ್ವಾಮಿ, ನಿಜವಾಗಿಯೂ ಸುಳ್ಳು."

"ಭಾವ, ಮಾತಾಡಿ ದಣಿಯಬೇಡಿ" ಎಂದ ತಿರುನಾರಾಯಣ.

ಮೇಷ್ಟರು ಸುತ್ತ ನೋಡಿದರು. ಮೂಲೆಯಲ್ಲಿ ರುಬ್ಬುವ ಗುಂಡುಕಲ್ಲಿತ್ತು. ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಎದೆಯ ಮಟ್ಟಕ್ಕೆ ತಂದರು. ಹೆಂಗಸರು ಕಿರುಚಿದರು, ಗಂಡಸರು ಮೇಲೆ ಬಿದ್ದು ಕಲ್ಲು ಕಿತ್ತುಕೊಂಡರು. "ದೀಪ ಆರುವ ಮುಂಚೆ ಹೀಗೆ ಒಮ್ಮೆ ಭಗ್ಗೆನ್ನುತ್ತದೆ" ಎಂದರು ಅಳಸಿಂಗಾಚಾರ್ಯರು, ಅನುಭವದಿಂದ. ಮೇಷ್ಟರು ಕೊಸರಿಕೊಂಡು ಬೀದಿಗೆ ಹಾರಿ ಓಡತೊಡಗಿದರು. ಹಿಂದೆ ಭಾವಮೈದುನ, ಅವನ ಹಿಂದೆ ಹೆಡ್ ಮೇಷ್ಟರು, ಬೀದಿ ತುದಿಯಲ್ಲಿ ಜವರಯ್ಯನೂ ಸೇರಿಕೊಂಡ. "ಇಡ್ಕಳ್ರಲಾ, ಮೇಷ್ಟ್ರಿಗೆ ಸಾವಿನ ಭ್ರಾಂತಿ ಬಂದದೆ" ಎಂದು ಕೂಗುತ್ತ ಯಾರದೋ ಜಗಲಿಯ ಮಂಚವನ್ನೇ ಹೊರಿಸಿಕೊಂಡು ಬಂದ. ಮೇಷ್ಟರು ದೇವಸ್ಥಾನ ಸುತ್ತಿ, ಕೆರೆ ಏರಿ ಹತ್ತಿ, ಇಳಿದು, ಮತ್ತೆ ಮನೆಯ ಬಾಗಿಲಿಗೇ ಬಂದು ನಿಂತರು. ಏದುಸಿರು ಸಹ ಬಿಡುತ್ತಿರಲಿಲ್ಲ. ಬೆನ್ನಟ್ಟಿದವರಲ್ಲಿ ಹೆಡ್ ಮೇಷ್ಟರನ್ನು ಮಾತ್ರ ಮಂಚದ ಮೇಲೆ ಹೊತ್ತು ತಂದರು. ಆದರೂ ಯಾರೂ ನಂಬಲಿಲ್ಲ.

ಆಗ ಮೇಷ್ಟರು ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದರು.

"ವೇದಾ, ನೀನು ಡಬ್ಬಿಯ ತಳದಲ್ಲಿ, ಪುಳಿಯೋಗರೆಯ ಕೆಳಗೆ, ಇನ್ನೊಂದು ಎಲೆಯಲ್ಲಿ ಸುತ್ತಿ ಎರಡು ಕೊಬ್ಬರಿ ಮಿಠಾಯಿ ಇಟ್ಟಿದ್ದೆ. ಅಣ್ಣನಿಗೆ ಅಂತ. ನನಗೆ ಹೇಳಿರಲಿಲ್ಲ. ನಾನು ತಿಂದೆ. ಎಲ್ಲಾ ನಾನೇ ತಿಂದೆ. ತಿಂದು ಮಲಗಿದೆ. ಬಿದ್ದಿದ್ದಲ್ಲ."

ಆ ಮಿಠಾಯಿಯ ಗುಟ್ಟು ವೇದವತಿಯನ್ನು ಬಿಟ್ಟರೆ ತಿಂದವನಿಗೆ ಮಾತ್ರ ಗೊತ್ತಿರಲು ಸಾಧ್ಯ. ಅವಳು ಗಂಡನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿ, "ನಿಜ. ಇವರಿಗೆ ಏನೂ ಆಗಿಲ್ಲ" ಎಂದು ಒಳಗೆ ಹೋದಳು.

ತಿರುನಾರಾಯಣ ಊಟ ಮಾಡದೆ ಹೊರಟ. "ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹುಡುಕಿದೆ ಭಾವ, ಮೈಸೂರಿನವರೆಗೂ ಉಪವಾಸ" ಎಂದಷ್ಟೇ ಹೇಳಿದ. ಅಳಸಿಂಗಾಚಾರ್ಯರು ಗಾಡಿ ಹತ್ತುತ್ತ, ಸುಳ್ಳು ಹೇಳುವ ಮನೆತನದ ಹೆಣ್ಣು ತಮಗೂ ಬೇಡ ಎಂದರು. ಆಂಡಾಳ್ ಅಟ್ಟದ ಪುಸ್ತಕ ಇಳಿಸಿಕೊಂಡಳು. ಆದರೆ ಓದುವಾಗ ಅಪ್ಪನಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಕೈಯುಳ್ಳ ಕುರ್ಚಿ ಹೆಡ್ ಮೇಷ್ಟರ ಕೋಣೆಗೆ ವಾಪಸಾಯಿತು. ಕೊನೆಯ ಪೀರಿಯಡ್ಡಿನ ಜೊತೆ ಬೇರೆಯವರ ಡ್ರಿಲ್ಲೂ ಮೇಷ್ಟರ ಪಾಲಿಗೆ ಬಂತು. ಜವರಯ್ಯ ಮಾತ್ರ ನೊಂದಿದ್ದ. "ಸಾಯ್ತೀನಿ ಅಂದೋರು ಸಾಯ್ಬೇಕು ಮೇಷ್ಟ್ರೇ" ಎಂದು ಮುಖ ತಿರುಗಿಸಿದ. "ನಾವೆಲ್ಲ ಎಂಗೆ ನಿಮ್ಮ ನಂಬ್ಕಂಡು ಅತ್ವಲ್ಲ."

ಇವೆಲ್ಲವನ್ನೂ ಮೇಷ್ಟರು ತಡೆದುಕೊಂಡರು. ತಡೆಯಲಾಗದೆ ಹೋದದ್ದು ವೇದವತಿಯ ಮೌನ. ಈಗ ಬಯ್ಯುತ್ತಾಳೆ, ನಾಳೆ ಬಯ್ಯುತ್ತಾಳೆ ಎಂದು ಕಾದರು. ಕೊಡೆಯನ್ನು ಬೇಕೆಂದೇ ಮರೆತು ಬಂದರು. ಅವಳು ಏನೂ ಅನ್ನಲಿಲ್ಲ. ಅನ್ನ ಬಡಿಸಿದಳು, ನೀರಿಟ್ಟಳು, ಎದ್ದು ಹೋದಳು.

ಒಂದು ಭಾನುವಾರ ಮಧ್ಯಾಹ್ನ ಅವಳು ಹಿತ್ತಿಲ ಬಾಗಿಲಲ್ಲಿ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಾಗ ಮೇಷ್ಟರು ಬಳಿ ಹೋದರು.

"ಒಂದು ಸಲ ಬೈದುಬಿಡು ವೇದಾ. ನನ್ನ ಕೈಲಿ ಆಗೋಲ್ಲ."

ಅವಳು ಬಾಚಣಿಗೆ ನಿಲ್ಲಿಸಲಿಲ್ಲ. "ಮೊದಮೊದಲು ರಾತ್ರಿ ಎದ್ದು ನಿಮ್ಮ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತಿದ್ದೆ. ಆಮೇಲೆ ಬೆಳಗ್ಗೆ ಜಡೆ ಹಾಕಿಕೊಳ್ಳುವಾಗ ಯೋಚನೆ ಬರೋಕೆ ಶುರುವಾಯಿತು. ನಮ್ಮ ದೊಡ್ಡಣ್ಣ ಹೋದಾಗ ಅತ್ತಿಗೆಯ ತಲೆ ಬೋಳಿಸೋಕೆ ಹತ್ತನೇ ದಿನ ಕ್ಷೌರಿಕನನ್ನು ಹಿತ್ತಿಲ ಬಾಗಿಲಿನಿಂದ ಕರೆಸಿದರಲ್ಲ, ಅವಳು ಕೊಟ್ಟಿಗೆಯ ಕಂಬ ತಬ್ಬಿಕೊಂಡು ಬಿಡಲಿಲ್ಲ. ಇಬ್ಬರು ಹಿಡಿದು ಬಿಡಿಸಿದರು. ನಾನು ಕಂಬ ಹಿಡಿಯಬಾರದು, ಆಂಡಾಳ್ ನೋಡುತ್ತಾಳೆ ಅಂತ ದಿನಾ ನನಗೆ ನಾನೇ ಹೇಳಿಕೊಂಡೆ. ಹೇಳಿ ಹೇಳಿ ಅಭ್ಯಾಸವಾಯಿತು. ನಿಮಗಾಗಿ ಅಳಬೇಕಾದ್ದನ್ನೆಲ್ಲ ಅತ್ತು ಮುಗಿಸಿದೆ. ಈಗ ನೀವು ಬಂದು ಎದುರಿಗೆ ನಿಂತು ಬಯ್ಯು ಅಂದರೆ, ಎಲ್ಲಿಂದ ತರಲಿ?"

ಅವಳು ಜಡೆ ಮುಗಿಸಿ, ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಬಿಸಾಡಿ, ಒಳಗೆ ಹೋದಳು. ಮೇಷ್ಟರು ಜಗಲಿಗೆ ಬಂದು ಕುಳಿತರು. ಕಂಬಕ್ಕೂ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಅಲ್ಲಿಗೆ ಶಿವನಂಜಮ್ಮ ಬಂದಳು. ನಿಶ್ಚಿತಾರ್ಥದ ಗಲಾಟೆಗೆ ಮುಂಚೆಯೇ ಅವಳು ಎಮ್ಮೆಗಳನ್ನು ನೆರೆಯವರಿಗೆ ಒಪ್ಪಿಸಿ ಎಲ್ಲಿಗೋ ಹೋಗಿದ್ದಳು. ಊರಿಗೆ ಕಾಲಿಟ್ಟವಳು ಮನೆಗೂ ಹೋಗದೆ ಇಲ್ಲಿಗೇ ಬಂದಿದ್ದಳು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ತಲೆಯ ಮೇಲೆ ಬಿಗಿಯಾಗಿ ಸೆರಗು.

ಮೇಷ್ಟರನ್ನು ಕಂಡು ಅವಳ ಮುಖ ಅರಳಿತು. "ಅಮ್ಮಾರೇ, ಬನ್ನಿ ಇಲ್ಲಿ. ಮೇಷ್ಟ್ರು ಮೊಕದಲ್ಲಿ ಕಳೆ ಬಂದದೆ ನೋಡಿ" ಎಂದು ಕರೆದಳು. ವೇದವತಿ ಬಾಗಿಲಿಗೆ ಬಂದಳು.

"ಎಲ್ಲಿಗೆ ಹೋಗಿದ್ದೆ ಶಿವನಂಜಮ್ಮ?"

"ಮಾದಪ್ಪನ ಬೆಟ್ಟಕ್ಕೆ ಕಣ್ರಮ್ಮ. ನಡ್ಕಂಡೇ ಓದೆ." ಅವಳು ಮಡಿಲಿನಿಂದ ವಿಭೂತಿಯ ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟಳು. ಬಗ್ಗಿದಾಗ ಸೆರಗು ಜಾರಿತು. ತಲೆ ನುಣ್ಣಗಿತ್ತು. "ಮುಡಿ ಕೊಡ್ತೀನಿ ಅಂತ ಅರಕೆ ಒತ್ಕಂಡಿದ್ದೆ. ನಂಗೆ ಇನ್ಯಾತಕ್ಕೆ ಕೂದ್ಲು. ನಮ್ಮ ಪೈಕೀಲಿ ಗಂಡ ಸತ್ರೂ ಕೂದ್ಲು ಅಂಗೇ ಬುಡ್ತಾರೆ. ನಿಮ್ಮಲ್ಲಿ ಬುಡಾಕಿಲ್ವಂತಲ್ಲ. ಅದ್ಕೇ ಮಾದಪ್ಪಂಗೆ ಏಳ್ದೆ, ಅಮ್ಮಾರ ತಲೆ ಮುಟ್ಬೇಡ, ಬೇಕಾದ್ರೆ ನಂದು ತಗೋ ಅಂತ. ಕೊಟ್ಟುಬುಟ್ಟು ಬಂದೆ. ಕೇಳಿಸ್ಕಂಡವ್ನೆ."

ಬೀದಿಯಲ್ಲಿ ಹೋಗುತ್ತಿದ್ದ ಜವರಯ್ಯ ನಿಂತಿದ್ದ. ನಿಜ ಹೇಳಲು ಬಾಯಿ ತೆರೆದವನು ವೇದವತಿಯ ಮುಖ ನೋಡಿ ಮುಚ್ಚಿಕೊಂಡ.

ಮೇಷ್ಟರು ಎದ್ದರು. ಜಗಲಿ ಇಳಿದರು. ಅಯ್ಯಂಗಾರ್ಯರ ಬೀದಿಯಲ್ಲಿ, ಹಾಡಹಗಲು, ಹಾಲು ಮಾರುವ ಹೆಂಗಸಿನ ಬಟ್ಟೆ ಸುತ್ತಿದ ಕಾಲುಗಳ ಮುಂದೆ, ಉದ್ದಕ್ಕೆ ಮಣ್ಣಿನ ಮೇಲೆ ಅಡ್ಡಬಿದ್ದರು.

ಶಿವನಂಜಮ್ಮ ಚೀರಿ ಹಿಂದಕ್ಕೆ ಸರಿದಳು. "ಅಯ್ಯೋ, ಮೇಷ್ಟ್ರು ಬಿದ್ದೋದ್ರು. ಎದೆ ಕಣ್ರಮ್ಮ, ಎದೆ. ನೀರು ತನ್ನಿ."

ವೇದವತಿ ನೀರು ತರಲಿಲ್ಲ. ಮಣ್ಣಿನಲ್ಲಿ ಮುಖವಿಟ್ಟು ಮಲಗಿದ್ದ ಗಂಡನನ್ನು ನೋಡಿದಳು. ಕೆಳಗಿಳಿದು ಬಂದು, ಶಿವನಂಜಮ್ಮನ ಸೆರಗನ್ನು ಎತ್ತಿ ಅವಳ ತಲೆಗೆ ಮೆಲ್ಲಗೆ ಹೊದಿಸಿದಳು.

"ಅವರಿಗೆ ಏನೂ ಆಗಿಲ್ಲ ಕಣಮ್ಮ" ಎಂದಳು. "ಸ್ವಲ್ಪ ಹೊತ್ತು ಹಾಗೇ ಬಿದ್ದಿರಲಿ."